ತಾನಾದಿಂದ ಕ್ಯಾಥೆಗೆ: ಒಂದು ವರ್ತಕ ಕೈಪಿಡಿ
ಫ್ಲಾರೆನ್ಸಿನ ಬಾರ್ದಿ ವರ್ತಕ ಸಂಸ್ಥೆಯಲ್ಲಿ ದುಡಿದು, ಲಂಡನ್ ಮತ್ತು ಸೈಪ್ರಸ್‌ಗಳಲ್ಲಿ ಅದರ ವ್ಯವಹಾರ ನೋಡಿಕೊಂಡಿದ್ದ ಫ್ರಾನ್ಸೆಸ್ಕೊ ಪೆಗೊಲೊಟ್ಟಿಯು 1340ರ ಸುಮಾರಿಗೆ ಸಂಕಲಿಸಿದ ವರ್ತಕರ ಕೈಪಿಡಿಯು ಆರಂಭವಾಗುವುದೇ ಕ್ಯಾಥೆ, ಅಂದರೆ ಮಂಗೋಲರ ಆಳ್ವಿಕೆಯ ಉತ್ತರ ಚೀನಾ, ತಲುಪುವ ಮಾರ್ಗದ ವಿವರಣೆಯಿಂದ. ಡಾನ್ ನದೀಮುಖದ ತಾನಾ ಬಂದರಿನಿಂದ ಅಸ್ತ್ರಾಖಾನಿಗೆ ಎತ್ತಿನ ಗಾಡಿಯಲ್ಲಿ 25 ದಿನ ಹಿಡಿಯುತ್ತದೆಂದು ತಿಳಿಸುವ ಗ್ರಂಥವು, ಪ್ರಯಾಣಿಕನು ಗಡ್ಡ ಬೋಳಿಸದೆ ಉದ್ದ ಬೆಳೆಸಬೇಕು, ಹಿಟ್ಟು ಮತ್ತು ಉಪ್ಪುಮೀನನ್ನು ಹೊತ್ತೊಯ್ಯಬೇಕು, ಹುಲ್ಲುಗಾವಲಿನ ತುರ್ಕಿ ನುಡಿಯಾದ ಕುಮಾನ್ ಬಲ್ಲ ಇಬ್ಬರು ಸೇವಕರನ್ನಾದರೂ ಇರಿಸಿಕೊಳ್ಳಬೇಕು ಎಂದು ವಿಧಿಸುತ್ತದೆ. ಖರ್ಚು ಉಳಿಸಲೆಂದು ಅರೆಕಲಿತ ದುಭಾಷಿಯನ್ನು ನೇಮಿಸಕೂಡದೆಂಬ ಎಚ್ಚರಿಕೆಯಂತೂ ಅಪ್ಪಟ ಲೆಕ್ಕಾಚಾರದ ಮಾತು. ಒಳ್ಳೆಯವನಿಗೆ ಕೊಡುವ ಹೆಚ್ಚಿನ ಸಂಬಳವು ಅವನಿಂದಾಗುವ ಉಳಿತಾಯಕ್ಕಿಂತ ಕಡಿಮೆಯೆಂಬುದು ಲೇಖಕನ ವಾದ.

ಹಗಲಿರುಳೂ ಮಾರ್ಗ ಸುರಕ್ಷಿತವೆಂದು ಹೋಗಿಬಂದ ವರ್ತಕರು ಹೇಳಿದ್ದನ್ನು ಅವನು ದಾಖಲಿಸುತ್ತಾನೆ. ಅವನೇ ಆ ದಾರಿ ಹಿಡಿದುದಕ್ಕೆ ಆಧಾರವಿಲ್ಲ. ಆದರೂ ದಾರಿಯಲ್ಲಿ ವರ್ತಕ ಸತ್ತರೆ ಸರಕೆಲ್ಲ ಆ ನಾಡಿನ ಒಡೆಯನಿಗೆ ಸೇರುತ್ತದೆಂದೂ, ಸಹೋದರನೋ ಸಹೋದರನೆಂದು ಹೇಳಿಕೊಳ್ಳುವ ಸಂಗಾತಿಯೋ ಜೊತೆಗಿದ್ದರೆ ಅದು ಅವನ ಕೈಗೆ ಬರುತ್ತದೆಂದೂ ಸೂಚಿಸಿರುವುದು ಈ ಕೈಪಿಡಿಯ ಅತ್ಯಂತ ಮಾನವೀಯ ಭಾಗ. ಕ್ಯಾಥೆಯಲ್ಲಿ ಬೆಳ್ಳಿಯನ್ನು ಒಡೆಯನ ಬೊಕ್ಕಸಕ್ಕೊಪ್ಪಿಸಿ, ಅವನ ಮುದ್ರೆಯುಳ್ಳ ಹಳದಿ ಕಾಗದದ ಹಣ ಪಡೆಯಬೇಕಿತ್ತು. ಅದನ್ನು ಕೊಟ್ಟು ರೇಷ್ಮೆ ಕೊಳ್ಳಬಹುದಿತ್ತು.