ಬಾಂಧವ್ಯವೋ, ಬಂಧನವೋ?

ಸ್ತ್ರೀಪುರುಷರ ಅನುರಾಗವು ಏಕೆ ಉಳಿಯುತ್ತದೆ, ಏಕೆ ಅಳಿಯುತ್ತದೆ ಎಂಬ ಪ್ರಶ್ನೆ ಕವಿಗಳಿಗೂ ನೀತಿಕಾರರಿಗೂ ಹಳೆಯದು. ಲೋಕರೂಢಿಯ ಉತ್ತರ ಸರಳವಾದುದು: ಸುಖವಿದ್ದರೆ ಉಳಿಯುತ್ತದೆ, ಸುಖ ತಪ್ಪಿದರೆ ಮುರಿಯುತ್ತದೆ. ಈ ಉತ್ತರವು ಸಾಲದೆಂಬುದನ್ನು ಮನಶ್ಶಾಸ್ತ್ರವು ಕಂಡುಕೊಂಡ ಬಗೆಯು ಸಂಸಾರಿಗಳೆಲ್ಲರೂ ಅರಿಯಬೇಕಾದುದು.

1959ರಲ್ಲಿ ಅಮೆರಿಕದ ಜಾನ್ ಥಿಬೋ ಮತ್ತು ಹೆರಾಲ್ಡ್ ಕೆಲಿ ಎಂಬ ವಿದ್ವಾಂಸರು ಸಮೂಹಗಳ ಮನೋವ್ಯಾಪಾರವನ್ನು ಕುರಿತ ತಮ್ಮ ಗ್ರಂಥದಲ್ಲಿ ಒಂದು ಸೂಕ್ಷ್ಮ ಭೇದವನ್ನು ತೋರಿಸಿದರು. ಸಂಬಂಧದಲ್ಲಿನ ತೃಪ್ತಿಯೇ ಬೇರೆ, ಅದರ ಮೇಲಿನ ಅವಲಂಬನೆಯೇ ಬೇರೆ. ತನಗೆ ಸಲ್ಲತಕ್ಕದ್ದೆಂದು ಎಣಿಸಿದುದರೊಡನೆ ಹೋಲಿಸಿ ಮನುಷ್ಯನು ತೃಪ್ತನೋ ಅತೃಪ್ತನೋ ಆಗುತ್ತಾನೆ. ಇರುವುದೋ ಹೊರಡುವುದೋ ಎಂಬುದನ್ನಾದರೋ ಹೊರಗೆ ದೊರೆಯಬಹುದಾದ ಬದುಕಿನೊಡನೆ ಹೋಲಿಸಿ ನಿರ್ಧರಿಸುತ್ತಾನೆ.

ಈ ತಳಹದಿಯ ಮೇಲೆ ಕ್ಯಾರಿಲ್ ರಸ್ಬಲ್ಟ್ (1952–2010) ಎಂಬ ವಿದುಷಿಯು 1980ರಲ್ಲಿ ತಮ್ಮ ಸಿದ್ಧಾಂತವನ್ನು ಮಂಡಿಸಿದರು. ಬದ್ಧತೆಗೆ ಆಧಾರಗಳು ಮೂರು: ತೃಪ್ತಿ, ಪರ್ಯಾಯಗಳ ಕೊರತೆ ಮತ್ತು ಹೂಡಿಕೆ. ಕೂಡಿ ಕಳೆದ ಕಾಲ, ಹಂಚಿಕೊಂಡ ಗುಟ್ಟುಗಳು, ಸಮಾನ ಸ್ನೇಹಿತರು, ಮನೆ, ಮಕ್ಕಳು, ಹೀಗೆ ಸಂಬಂಧವು ಮುರಿದರೆ ಕೈತಪ್ಪುವುದೆಲ್ಲವೂ ಹೂಡಿಕೆಯೇ. ಅವರು ಪ್ರೇಮಿಗಳಾದ ವಿದ್ಯಾರ್ಥಿಗಳನ್ನು ಏಳು ತಿಂಗಳುಗಳ ಕಾಲ ಅವಲೋಕಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನಕಲಕುವ ಅಂಶವೊಂದಿದೆ. ಸಂಗಾತಿಯಿಂದ ತ್ಯಕ್ತರಾದವರಲ್ಲಿ ತೃಪ್ತಿಯು ಹೆಚ್ಚು ಬೆಳೆಯಲಿಲ್ಲ, ಪರ್ಯಾಯಗಳೂ ಕುಗ್ಗಿದವು. ಆದರೂ ಅವರು ತಮ್ಮನ್ನು ತೊಡಗಿಸಿಕೊಳ್ಳುತ್ತಲೇ ಹೋದರು.

ಬದ್ಧತೆಯು ದೃಷ್ಟಿಯನ್ನೂ ತಿದ್ದುತ್ತದೆ. ನಿಷ್ಠೆಯುಳ್ಳವರು ಅನ್ಯರ ಆಕರ್ಷಣೆಯನ್ನು ತಮ್ಮ ಮನಸ್ಸಿನಲ್ಲಿಯೇ ಕಡಿಮೆಯಾಗಿ ಬೆಲೆಕಟ್ಟುವರೆಂದು ಡೆನಿಸ್ ಜಾನ್ಸನ್ ಮತ್ತು ರಸ್ಬಲ್ಟ್ 1989ರಲ್ಲಿ ತೋರಿಸಿದರು. ಪ್ರಲೋಭನವು ಪ್ರಬಲವಾದಷ್ಟೂ ಈ ಪ್ರವೃತ್ತಿಯೂ ಪ್ರಬಲವಾಗಿತ್ತು. ಅಂದರೆ ನಿಷ್ಠೆಯು ಒಮ್ಮೆ ನುಡಿದು ಮರೆಯುವ ಮಾತಲ್ಲ, ಮನಸ್ಸು ನಿತ್ಯವೂ ನಡೆಸುವ ಕಾರ್ಯ.

ಆದರೆ ಇದೇ ಶಾಸ್ತ್ರಕ್ಕೆ ಮತ್ತೊಂದು ಮುಖವಿದೆ. ಹಿಂಸೆಗೆ ಒಳಗಾಗಿ ಆಶ್ರಯಧಾಮವನ್ನು ಸೇರಿದ ಸ್ತ್ರೀಯರನ್ನು ಕುರಿತು ರಸ್ಬಲ್ಟ್ ಮತ್ತು ಜಾನ್ ಮಾರ್ಟ್ಜ್ 1995ರಲ್ಲಿ ಬರೆದರು. ಹೊಡೆಯುವ ಗಂಡನ ಬಳಿಗೆ ಹೆಣ್ಣು ಏಕೆ ಮರಳುತ್ತಾಳೆ? ಅವಳ ಸ್ವಭಾವದಲ್ಲಿ ದೋಷವನ್ನು ಹುಡುಕುವುದು ವಾಡಿಕೆ. ಈ ಅಧ್ಯಯನವು ಅವಳ ಪರಿಸ್ಥಿತಿಯತ್ತ ಬೆರಳು ತೋರಿತು. ಆರ್ಥಿಕ ಆಸರೆ ಕಡಿಮೆಯಾಗಿದ್ದು, ವಿವಾಹ, ಮಕ್ಕಳು, ದೀರ್ಘ ಸಹವಾಸಗಳ ಹೂಡಿಕೆ ಹೆಚ್ಚಾಗಿದ್ದವರಲ್ಲಿಯೇ ಬದ್ಧತೆಯು ಗಾಢವಾಗಿತ್ತು.

2003ರಲ್ಲಿ ಬೆಂಜಮಿನ್ ಲೆ ಮತ್ತು ಕ್ರಿಸ್ಟೋಫರ್ ಆಗ್ನ್ಯೂ 52 ಅಧ್ಯಯನಗಳನ್ನು, ಒಟ್ಟು 11,582 ಜನರ ಮಾಹಿತಿಯನ್ನು, ಒಟ್ಟುಗೂಡಿಸಿ ಪರಿಶೀಲಿಸಿದರು. ಬದ್ಧತೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಮೂರರಲ್ಲಿ ಎರಡು ಪಾಲನ್ನು ಮೇಲಿನ ಮೂರು ಆಧಾರಗಳು ವಿವರಿಸುತ್ತವೆ ಎಂಬುದು ಸ್ಥಿರಪಟ್ಟಿತು.

ಈ ಇತಿಹಾಸವು ಹಿರಿಯರಿಗೆ ಒಂದು ಹೊಣೆಯನ್ನು ಒಪ್ಪಿಸುತ್ತದೆ. ಇಪ್ಪತ್ತು ವರ್ಷ ಬಾಳಿದ ದಾಂಪತ್ಯವೆಂಬ ಮಾತ್ರಕ್ಕೆ ಅಲ್ಲಿ ಒಲವಿದೆ ಎನ್ನಲಾಗದು. ಹೋಗಲು ಬೇರೆಡೆ ಇಲ್ಲದೆ ಉಳಿದವರೂ ಉಳಿದವರಂತೆಯೇ ಕಾಣುವರು. ಕುಟುಂಬದ ಕಲಹವನ್ನು ತೀರಿಸಲು ಕುಳಿತವರು ‘ಹೊಂದಿಕೊಂಡು ಹೋಗಿ’ ಎನ್ನುವುದಕ್ಕೆ ಮುನ್ನ, ಆ ಸಂಬಂಧವು ಯಾವ ಆಧಾರದ ಮೇಲೆ ನಿಂತಿದೆಯೆಂದು ವಿಚಾರಿಸಬೇಕು. ಹೊರಡಲು ಬಾಗಿಲು ತೆರೆದಿದ್ದರೂ ಇರಲು ಬಯಸುವವರ ನಿಷ್ಠೆಯೇ ನಿಜವಾದ ನಿಷ್ಠೆ. ಮುಚ್ಚಿದ ಬಾಗಿಲ ಹಿಂದಿನ ತಾಳ್ಮೆಯನ್ನು ನಿಷ್ಠೆಯೆಂದು ಕೊಂಡಾಡುವುದು, ಅದನ್ನು ಸಹಿಸುತ್ತಿರುವವರಿಗೆ ಎಸಗುವ ಅನ್ಯಾಯ.