ಪಲೆಪಾಂಗನ್ ಗದ್ದೆಯ ಅಳತೆ: ಜಾವಾ ಶಾಸನಗಳಲ್ಲಿ ಹಳ್ಳಿಯ ಬದುಕು ಮತ್ತು ಆಸ್ತಿ

ಶಕ ವರ್ಷ 828, ಅಂದರೆ ಕ್ರಿ.ಶ. 906. ಮಧ್ಯ ಜಾವಾದಲ್ಲಿ ಬಲಿತುಂಗ್ ಎಂಬ ದೊರೆ ಆಳುತ್ತಿದ್ದ ಕಾಲ. ಬೊರೊಬುದೂರಿನ ಸೀಮೆಯ ಪಲೆಪಾಂಗನ್ ಎಂಬ ಹಳ್ಳಿಯ ಹಿರಿಯರಿಗೂ ಅವರಿಂದ ತೆರಿಗೆ ಎತ್ತುವ ನಾಯಕನಿಗೂ ತಕರಾರು ಬಿತ್ತು. ನಾಯಕ ಎಂಬ ಪದ ಶಾಸನದಲ್ಲೇ ಇದೆ, ನಾನು ಸೇರಿಸಿದ್ದಲ್ಲ. ನಿಮ್ಮ ಗದ್ದೆ 2 ಲಂವಿತ್ ಇದೆ, ತಂಪಹ್ ಒಂದಕ್ಕೆ 6 ಧರಣ ಬೆಳ್ಳಿಯಂತೆ ಕಟ್ಟಿ ಅಂತ ನಾಯಕನ ಲೆಕ್ಕ. ಅಷ್ಟು ಗದ್ದೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಊರವರ ವಾದ. ಅವರು ಸುಮ್ಮನೆ ಕೂರಲಿಲ್ಲ. ದೊರೆಯ ನಂತರದ ದೊಡ್ಡ ಅಧಿಕಾರಿಯಾದ ಹಿನೋದ ಮಪತಿಹ್ ತನಕ ದೂರು ಒಯ್ದರು. ಗದ್ದೆಯನ್ನು ಮತ್ತೆ ಅಳೆಯಲು ಅಪ್ಪಣೆ ಆಯಿತು. ಅಳೆದಾಗ ಸಿಕ್ಕಿದ್ದು 1 ಲಂವಿತ್, 7 ತಂಪಹ್, ಮೇಲೆ ಒಂದು ತುಣುಕು, ಅಷ್ಟೇ. ತೆರಿಗೆಯ ದರ ಬದಲಾಗಲಿಲ್ಲ, ವಿಸ್ತೀರ್ಣ ಇಳಿಯಿತು. ಇದನ್ನು ತಾಮ್ರದ ಮೇಲೆ ಕೊರೆಸಿ ಊರವರು ಇಟ್ಟುಕೊಂಡರು.

ದಿನವೂ ಅಳತೆಪಟ್ಟಿ, ನಕ್ಷೆಗಳ ಜೊತೆ ಕೆಲಸ ಮಾಡುವ ನನ್ನಂಥ ಇಂಜಿನಿಯರನಿಗೆ ಯುದ್ಧಗಳ ಶಾಸನಕ್ಕಿಂತ ಇಂಥದ್ದು ಬೇಗ ಹಿಡಿಸುತ್ತೆ. ಇದು ಒಂದೇ ಒಂದು ಪ್ರಸಂಗವೂ ಅಲ್ಲ. ಐದು ವರ್ಷ ಹಿಂದೆ, 901ರಲ್ಲಿ, ಲುಇತಾನ್ ಎಂಬ ಊರಿನ ಹಿರಿಯರೂ ನಮ್ಮ ನೆಲ ಕಡಿಮೆ, ಹೊರೆ ಹೆಚ್ಚು ಅಂತ ದೂರು ಕೊಟ್ಟಿದ್ದರು. ಅಲ್ಲೂ ಮರು ಅಳತೆ ಆಯಿತು, ಅದೂ ‘ತಂಪಹ್ ಹಾಜಿ’ಯಲ್ಲಿ, ಅಂದರೆ ಅರಸನ ತಂಪಹ್‌ನಲ್ಲಿ. ಅರಸನ ಅಳತೆ ಅಂತ ಪ್ರತ್ಯೇಕವಾಗಿ ಹೇಳಬೇಕಾಯಿತು ಅಂದರೆ ಬೇರೆ ಅಳತೆಗಳೂ ಚಾಲ್ತಿಯಲ್ಲಿದ್ದವು ಎಂದಾಯ್ತು. ನಮ್ಮ ಶಾಸನಗಳಲ್ಲಿ ‘ಭೇರುಂಡ ಗಳೆ’ಯಲ್ಲಿ ಇಷ್ಟು ಮತ್ತರು ಅಂತ ಕೋಲಿನ ಹೆಸರು ಹಿಡಿದು ಹೇಳುವುದನ್ನು ನೋಡಿದವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಕೋಲು ಯಾರದ್ದು ಅನ್ನುವುದರ ಮೇಲೆ ಕಣಜದಲ್ಲಿ ಉಳಿಯುವ ಭತ್ತ ಎಷ್ಟು ಅನ್ನೋದು ನಿಂತಿದೆ.

ಆ ಹಳ್ಳಿಯಲ್ಲಿ ಯಾರು ಯಾರಿದ್ದರು? ಹಳೆಯ ಜಾವಾ ಭಾಷೆಯಲ್ಲಿ ಹಳ್ಳಿಗೆ ‘ವನುಆ’ ಅಂತಾರೆ. ಅದನ್ನು ನಡೆಸುವ ಹಿರಿಯರಿಗೆ ‘ರಾಮ’ ಅಂತ ಹೆಸರು. ನಮ್ಮ ಶ್ರೀರಾಮನಲ್ಲ, ಅಲ್ಲಿ ಆ ಪದಕ್ಕೆ ತಂದೆ ಎಂದರ್ಥ. ಒಬ್ಬನೇ ಪಟೇಲ ಅಲ್ಲ, ಒಂದು ಗುಂಪು. ಶಾಸನಗಳು ಇವರನ್ನು ಕೆಲಸದ ಸಮೇತ ಪಟ್ಟಿ ಮಾಡುತ್ತವೆ. ನೀರು ಹಂಚುವವನು ‘ಹುಲೈರ್’, ಅಕ್ಕಿಯ ಲೆಕ್ಕ ಇಡುವವನು ‘ಹುಲು ವ್ರಸ್’, ಕಾಡು ನೋಡಿಕೊಳ್ಳುವವನು ‘ತುಹಾಲಸ್’, ಬೇಟೆಯ ಮುಖ್ಯಸ್ಥ ‘ತುಹಾ ಬುರು’, ಹುಡುಗರ ಗುಂಪಿಗೆ ಹಿರಿಯ ‘ತುಹಾ ವೆರೆಹ್’, ದಿನ ಗಳಿಗೆ ಎಣಿಸುವವನು ‘ವರಿಗ’, ಊರಿನ ಪರವಾಗಿ ಮಾತಾಡುವವನು ‘ಪರುಜಾರ್’. ಅಧಿಕಾರ ಬಿಟ್ಟ ಹಳೆಯ ಹಿರಿಯರಿಗೂ ‘ರಾಮ ಮರಾತಾ’ ಅಂತ ಸ್ಥಾನ ಇತ್ತು. ಹೆಸರುಗಳೂ ಸೊಗಸು. ಎಷ್ಟೋ ಜನರನ್ನು ‘ಇಂಥವನ ಅಪ್ಪ’, ‘ಇಂಥವಳ ಅಮ್ಮ’ ಅಂತಲೇ ಕರೆದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಗಂಡನ ಹೆಸರು ಹೇಳದೆ ಮಗುವಿನ ಹೆಸರು ಹಿಡಿದು ಅವರಪ್ಪ ಅನ್ನೋದಿಲ್ಲವೇ, ಹಾಗೆ.

ಆಸ್ತಿಯ ಬಗೆಗಳೂ ಸ್ಪಷ್ಟವಾಗಿವೆ. ‘ಸವಹ್’ ಅಂದರೆ ನೀರಿನ ಗದ್ದೆ, ‘ತೆಗಲ್’ ಅಂದರೆ ಬೆದ್ದಲು, ‘ಕೆಬ್ವನ್’ ಅಂದರೆ ತೋಟ, ‘ಗಗ’ ಅಂದರೆ ಮಳೆಯಾಶ್ರಯದ ಹೊಲ, ‘ರೆನೆಕ್’ ಅಂದರೆ ಜೌಗು, ‘ಅಲಸ್’ ಅಂದರೆ ಕಾಡು. ಇವುಗಳಲ್ಲಿ ಸವಹ್, ತೆಗಲ್ ಪದಗಳನ್ನು ಜಾವಾದ ರೈತರು ಇವತ್ತಿಗೂ ಬಳಸುತ್ತಾರೆ. ನೀರಿನ ಕೆಲಸ ಎಷ್ಟು ಹಳೆಯದು ಎನ್ನುವುದಕ್ಕೆ ಪೂರ್ವ ಜಾವಾದ ಹರಿಂಜಿಂಗ್ ಶಾಸನ ನೋಡಿ. ಭಗವಂತ ಬಾರಿ ಎಂಬವನು ಅಲ್ಲಿ ಕಾಲುವೆ ತೋಡಿಸಿದ. ಕಾಲ ಕ್ರಿ.ಶ. 804. ನೂರು ವರ್ಷ ದಾಟಿದ ಮೇಲೂ, 921ರಲ್ಲಿ, ಅವನ ವಂಶದವರಿಗೆ ಆ ಕೆಲಸದ ಹಕ್ಕು ಖಾಯಂ ಆದದ್ದು ಅದೇ ಕಲ್ಲಿನ ಮೇಲಿದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ನೆಲ ಯಾರದ್ದು? ಜಾವಾದ ಬಹುಪಾಲು ಶಾಸನಗಳು ‘ಸೀಮ’ ಎಂಬ ದತ್ತಿಯ ಬಗ್ಗೆ ಇವೆ. ನಮ್ಮ ಸೀಮೆ ಎಂಬ ಸಂಸ್ಕೃತ ಮೂಲದ ಪದವೇ ಅದು. ಒಂದು ಊರನ್ನೋ ಒಂದಿಷ್ಟು ಗದ್ದೆಯನ್ನೋ ದೇವಾಲಯಕ್ಕೆ, ವಿಹಾರಕ್ಕೆ ಅಥವಾ ಸೇವೆ ಮಾಡಿದವರಿಗೆ ಸೀಮವಾಗಿ ಗುರುತು ಮಾಡುತ್ತಿದ್ದರು. ಆಮೇಲೆ ತೆರಿಗೆಯವರು ಅಲ್ಲಿಗೆ ಕಾಲಿಡುವಂತಿಲ್ಲ. ಇದನ್ನು ಓದಿ, ದೊರೆ ದಾನ ಕೊಟ್ಟ ಎಂದ ಮೇಲೆ ನೆಲ ದೊರೆಯದೇ ಅಂದುಬಿಡುವುದು ಸುಲಭ. ಆದರೆ ಶಾಸನ ಪಟ್ಟಿ ಮಾಡುವುದು ತೆರಿಗೆ, ದಂಡ, ಬಿಟ್ಟಿ ಕೆಲಸಗಳನ್ನು. ಕೈ ಬದಲಾಗುತ್ತಿದ್ದದ್ದು ಆ ಹಕ್ಕುಗಳು, ರೈತನ ಉಳುಮೆ ಅಲ್ಲ. ಅಷ್ಟೇ ಅಲ್ಲ, ದೊಡ್ಡವರು ಗದ್ದೆಯನ್ನು ಊರವರಿಂದ ಬೆಲೆ ಕೊಟ್ಟು ಕೊಂಡು ಆಮೇಲೆ ಸೀಮ ಮಾಡಿದ ಶಾಸನಗಳೂ ಇವೆ. ತನ್ನದೇ ಆದದ್ದನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲವಲ್ಲ.

ಸೀಮ ಗುರುತಿಸುವ ದಿನದ ವಿವರ ಓದಿದರೂ ಇದೇ ತಿಳಿಯುತ್ತೆ. ಅಧಿಕಾರಿಗಳಿಗೆ ಬೆಳ್ಳಿ, ಉಂಗುರ, ಬಟ್ಟೆ ಉಡುಗೊರೆ. ಗಂಡಸರಿಗೆ ‘ವ್ಡಿಹನ್’, ಹೆಂಗಸರಿಗೆ ‘ಕೆನ್’ ಎಂಬ ಬಟ್ಟೆ. ‘ತ್ಪಿ ಸಿರಿಂಗ್’, ಅಂದರೆ ಎಲ್ಲೆಗೆ ತಾಗಿದ ಅಕ್ಕಪಕ್ಕದ ಊರಿನ ಹಿರಿಯರಿಗೂ ಪಾಲು. ನಾಳೆ ಗಡಿ ತಕರಾರು ಬಂದರೆ ಸಾಕ್ಷಿ ಅವರೇ ತಾನೆ! ಊಟಕ್ಕೆ ಒಣ ಮೀನು, ಮೊಟ್ಟೆ, ಸೊಪ್ಪು, ಕುಡಿಯಲು ಹೆಂಡ. ನಂತರ ‘ಮಕುದುರ್’ ಎಂಬ ಪುರೋಹಿತ ಕಲ್ಲಿನ ಮುಂದೆ ಕೋಳಿಯ ಕತ್ತು ಕತ್ತರಿಸಿ, ಸೀಮೆಗಲ್ಲಿಗೆ ಮೊಟ್ಟೆ ಒಡೆದು, ಬೂದಿ ತೂರಿ ಶಾಪ ಹಾಕುತ್ತಾನೆ. ಸೀಮ ಕೆಡಿಸಿದವನು ಕಾಡಿಗೆ ಹೋದರೆ ಹುಲಿ ಹಿಡಿಯಲಿ, ಬಯಲಿಗೆ ಹೋದರೆ ಸಿಡಿಲು ಬಡಿಯಲಿ, ನೀರಿಗಿಳಿದರೆ ಮೊಸಳೆ ಎಳೆಯಲಿ ಎಂಬ ಧಾಟಿ. ನಮ್ಮಲ್ಲಿ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪದ ಮಾತು ಬರುವ ಜಾಗದಲ್ಲಿ ಅಲ್ಲಿ ಗದ್ದೆ, ಕಾಡು, ಹೊಳೆಗೆ ಹೋಗುವ ರೈತನ ನಿತ್ಯದ ಭಯಗಳೇ ಬರುತ್ತವೆ.

ಮನೆಯೊಳಗಿನ ಆಸ್ತಿಗೆ ಗುಂತುರ್ ಶಾಸನ ಒಳ್ಳೆಯ ಉದಾಹರಣೆ. ಕಾಲ 907. ಇದು ದಾನಶಾಸನವಲ್ಲ, ಜಯಪತ್ರ, ಅಂದರೆ ವ್ಯಾಜ್ಯ ಗೆದ್ದವನ ಕೈಗೆ ಕೊಡುವ ತೀರ್ಪು. ಗುಂತುರ್ ಊರಿನ ಪು ತಬ್ವೆಲ್ ಎಂಬವನ ಹೆಂಡತಿ ಚಂಪಾ ತೀರಿಕೊಂಡಿದ್ದಳು. ಧರ್ಮ ಎಂಬವನು ಅವಳು 1 ಸುವರ್ಣ ಸಾಲ ಕೊಡಬೇಕಿತ್ತು, ನೀನು ಕೊಡು ಅಂತ ಗಂಡನ ಮೇಲೆ ಬಿದ್ದ. ಒಂದು ಸುವರ್ಣ ಅಂದರೆ ಸುಮಾರು 38 ಗ್ರಾಂ ಚಿನ್ನ, ಹಳ್ಳಿಯವನಿಗೆ ಸಣ್ಣ ಮೊತ್ತವಲ್ಲ. ವಿಚಾರಣೆಗೆ ಧರ್ಮ ಬರಲೇ ಇಲ್ಲ. ಅವನು ಬರದಿದ್ದದ್ದು ಒಂದು ಕಾರಣ. ದಂಪತಿಗೆ ಮಕ್ಕಳಿರಲಿಲ್ಲ, ಸಾಲದ ವಿಷಯ ಗಂಡನಿಗೆ ಗೊತ್ತಿರಲಿಲ್ಲ ಅನ್ನುವುದು ಇನ್ನೊಂದು. ತಬ್ವೆಲ್ ಗೆದ್ದ. ಇದರ ಅರ್ಥ ಏನು? ಹೆಂಡತಿ ತನ್ನ ಹೆಸರಲ್ಲಿ ಸಾಲ ಮಾಡಬಹುದಿತ್ತು, ಅದು ತಾನಾಗಿ ಗಂಡನ ತಲೆಗೆ ಬರುತ್ತಿರಲಿಲ್ಲ. ಇನ್ನೂ ಒಂದು ವಿಶೇಷ. ತೀರ್ಪು ಕೊಟ್ಟ ಅಧಿಕಾರಿ ಪು ಗವುಲ್ ಜೊತೆಗೆ ಅವನ ಹೆಂಡತಿ ಪು ಗಲ್ಲಮ್ ಹೆಸರೂ ಶಾಸನದಲ್ಲಿದೆ.

922ರ ವುರುದು ಕಿದುಲ್ ಜಯಪತ್ರದಲ್ಲಿ ಪಣಕ್ಕಿದ್ದದ್ದು ಗದ್ದೆಯಲ್ಲ, ಒಬ್ಬ ಮನುಷ್ಯನ ಸ್ಥಾನ. ಧನಾದಿ ಎಂಬವನನ್ನು ಹೊರಗಿನ ಮೂಲದವನು, ಬೇರೆ ತೆರಿಗೆಗೆ ಸೇರಿದವನು ಅಂತ ಆರೋಪಿಸಿದರು. ಅಧಿಕಾರಿಗಳು ಅವನ ಅಜ್ಜ ಮುತ್ತಜ್ಜರ ತನಕ ವಿಚಾರಿಸಿದರು, ನೆಂಟರಲ್ಲದ ತಟಸ್ಥರನ್ನೂ ಕೇಳಿದರು, ಕೊನೆಗೆ ಇವನು ಇಲ್ಲಿಯವನೇ ಅಂತ ಬರೆದುಕೊಟ್ಟರು. ಆಮೇಲೆ ಇನ್ನೊಬ್ಬ ಅದೇ ಆರೋಪ ಎತ್ತಿ, ಕರೆದಾಗ ಬರಲಿಲ್ಲ. ಧನಾದಿಗೆ ಮತ್ತೆ ಗೆಲುವು.

ಕಾಗದ, ತಾಮ್ರ ಎಷ್ಟೇ ಇದ್ದರೂ ಬೆಟ್ಟ ಸಿಡಿದರೆ ಏನೂ ಉಳಿಯದ ನಾಡು ಅದು. 907ರ ರುಕಂ ಶಾಸನ ‘ಗುಂತುರ್’ನಿಂದ ಹಾಳಾದ ಹಳ್ಳಿಯ ಮಾತಾಡುತ್ತೆ. ವಿದ್ವಾಂಸರು ಇದನ್ನು ಜ್ವಾಲಾಮುಖಿಯ ಅನಾಹುತ ಅಂತ ಅರ್ಥೈಸಿದ್ದಾರೆ. ಆ ತಾಮ್ರಪಟ ಸಿಕ್ಕಿದ್ದು ತೆಮಂಗುಂಗ್ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಲಿಯಾಂಗನ್‌ನಲ್ಲಿ 2008ರಲ್ಲಿ ಮರಳು ತೆಗೆಯುವವರ ಕೈಗೆ ಸಿಂದೋರೋ ಬೆಟ್ಟದ ಬೂದಿಮಣ್ಣಿನಡಿ ಹೂತ ಇಡೀ ವಸತಿ ಸಿಕ್ಕಿತು. ಗುಡಿ, ಕಲ್ಲುಹಾಸಿನ ದಾರಿ, ಕರಕಲಾದ ಮರದ ತೊಲೆ, ಸುಟ್ಟ ಭತ್ತ. ಶಾಸನದ ಪದಗಳಿಗೆ ಅಲ್ಲಿ ರೂಪ ಸಿಗುತ್ತೆ.

ಇದೆಲ್ಲ ಬರೀ ಹಳೆಯ ಕಥೆ ಅಲ್ಲ. ನಮ್ಮ ಶಾಸನಾಸಕ್ತರಿಗೆ ಕಾಲಿನ್ ಮೆಕೆಂಜಿ ಪರಿಚಿತ. ಮೈಸೂರು ಸೀಮೆಯ ಸರ್ವೆ ಮಾಡಿಸಿ, ನಮ್ಮ ಕೈಫಿಯತ್ತು, ಶಾಸನಗಳ ನಕಲು ಕೂಡಿಸಿದವನು. 1811ರಲ್ಲಿ ಬ್ರಿಟಿಷರು ಜಾವಾ ಹಿಡಿದಾಗ ಅವನು ಅಲ್ಲಿಗೂ ಹೋದ. ಅಲ್ಲಿನ ಆಡಳಿತಗಾರ ರಾಫಲ್ಸ್, ಭೂಮಿಯ ಹಕ್ಕು ಪರಿಶೀಲಿಸುವ ಸಮಿತಿಗೆ ಮೆಕೆಂಜಿಯನ್ನೇ ಮುಖ್ಯಸ್ಥ ಮಾಡಿದ. ನೆಲದ ಒಡೆಯ ಸರ್ಕಾರವೇ, ರೈತ ಗೇಣಿದಾರ ಎಂಬ ತತ್ವದ ಮೇಲೆ 1813ರಿಂದ ಭೂಕಂದಾಯ ಜಾರಿಯಾಯಿತು. ಅದೇ ವರ್ಷಗಳಲ್ಲಿ 928ರ ಸಂಗ್ಗುರಾನ್ ಸೀಮ ಶಾಸನದ ಕಲ್ಲು ಗವರ್ನರ್ ಜನರಲ್ ಮಿಂಟೋಗೆ ಕಾಣಿಕೆಯಾಗಿ ಹೊರಟು ಸ್ಕಾಟ್ಲೆಂಡ್ ಸೇರಿತು. ಐರ್ಲಂಗನ 1041ರ ಶಾಸನದ ಕಲ್ಲು ಕಲ್ಕತ್ತೆಗೆ ಬಂತು. ಕಲ್ಲುಗಳನ್ನು ಸಾಗಿಸಿದರು, ಅವನ್ನು ಸರಿಯಾಗಿ ಓದುವ ಕಾಲ ಇನ್ನೂ ಬಂದಿರಲಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಈ ಶಾಸನಗಳಲ್ಲಿ ದೂರು ಕೊಟ್ಟವರು ಊರಿನ ಹಿರಿಯರು, ಗದ್ದೆ ಇದ್ದವರು. ಅವರ ಗದ್ದೆಯಲ್ಲಿ ದುಡಿದ ಆಳುಗಳ ದೂರು ಯಾವ ತಾಮ್ರಕ್ಕೂ ಏರಲಿಲ್ಲ. ಹಾಗಾಗಿ ಹತ್ತನೆಯ ಶತಮಾನದ ಜಾವಾವನ್ನು ರಾಮರಾಜ್ಯ ಮಾಡುವುದು ಬೇಡ. ಆದರೆ ದಾನ ಕೊಟ್ಟವನೇ ನೆಲದ ಒಡೆಯ ಎಂಬ ಊಹೆಗೆ ಪಲೆಪಾಂಗನ್ ತಾಮ್ರಪಟ ಎದುರು ಸಾಕ್ಷಿ. ಅಧಿಕಾರಿ ಬರೆದ ವಿಸ್ತೀರ್ಣವನ್ನು ಒಪ್ಪದೆ ಮತ್ತೆ ಅಳೆಸುವ ಹಕ್ಕು ಆ ರೈತರಿಗಿತ್ತು, ಅಳೆದದ್ದನ್ನು ಸರ್ಕಾರ ಒಪ್ಪಿಕೊಂಡಿತು.

ನಮ್ಮ ಕನ್ನಡ ಶಾಸನಗಳಲ್ಲೂ ಮರು ಅಳತೆಯ, ಗಡಿ ವ್ಯಾಜ್ಯದ, ಜಯಪತ್ರದ ಉಲ್ಲೇಖಗಳನ್ನು ಒಟ್ಟು ಮಾಡುತ್ತಿದ್ದೇನೆ. ನಿಮ್ಮ ಊರಿನ ಕಲ್ಲಿನಲ್ಲಿ ಅಂಥ ಸಾಲು ಕಂಡಿದ್ದರೆ, ಊರು ಮತ್ತು ಸಂಪುಟದ ಸಂಖ್ಯೆ ಸಮೇತ ದಯವಿಟ್ಟು ತಿಳಿಸಿ.