ಬರೆದವರು ಯಾರು ಸ್ವಾಮಿ?

ಹೋದ ತಿಂಗಳು ಮನೆ ಬದಲಾಯಿಸುವಾಗ ಹಳೇ ಫೈಲೊಂದರಲ್ಲಿ ನನ್ನ ಆಫರ್ ಲೆಟರ್ ಸಿಕ್ಕಿತು. ಕೆಲಸಕ್ಕೆ ಸೇರುವಾಗ ನಾನು ನೋಡಿದ್ದು ಸಂಬಳದ ಅಂಕಿ ಇದ್ದ ಒಂದೇ ಒಂದು ಪುಟ. ಉಳಿದ ಹತ್ತು ಹನ್ನೆರಡು ಪುಟಕ್ಕೆ ಕಣ್ಣು ಮುಚ್ಚಿಕೊಂಡು ಸಹಿ ಗೀಚಿ ಕೊಟ್ಟಿದ್ದೆ. (ನೀವೂ ಹಾಗೇ ಮಾಡಿರ್ತೀರ, ಸುಳ್ಳು ಹೇಳಬೇಡಿ!) ಈ ಸಲ ಪೆಟ್ಟಿಗೆ ಕಟ್ಟೋದು ಬಿಟ್ಟು ನೆಲದ ಮೇಲೆ ಕೂತು ಪೂರ್ತಿ ಓದಿದೆ. ಏಳನೇ ಪುಟದಲ್ಲಿತ್ತು ನೋಡಿ: ಕೆಲಸದಲ್ಲಿದ್ದಾಗ ನಾನು ಬರೆಯುವ ಪ್ರತಿಯೊಂದು ಸಾಲೂ ಕಂಪನಿಯ ಸೊತ್ತು.

ಸಂಬಳ ಕೊಡುವವರು ಇನ್ನೇನು ಬರೆದಾರು, ಬಿಡಿ. ಆದರೆ ಓದುತ್ತಿದ್ದ ಹಾಗೆ ಒಂದು ಹಳೇ ಹೊಟ್ಟೆಯುರಿ ನೆನಪಾಯಿತು. ಎಂಟು ತಿಂಗಳು ಕೂತು ಒಂದು ಮಾಡ್ಯೂಲ್ ಬರೆದಿದ್ದೆ. ಫೈಲಿನ ತಲೆಯಲ್ಲಿ ಒಂದು ಸಾಲಿನಲ್ಲಿ ನನ್ನ ಹೆಸರಿತ್ತು. ನನ್ನನ್ನು ಬೇರೆ ಪ್ರಾಜೆಕ್ಟಿಗೆ ಹಾಕಿದ ಮೇಲೆ ಒಂದು ದಿನ ಸುಮ್ಮನೆ ತೆರೆದು ನೋಡಿದರೆ ಹೆಸರು ಮಾಯ. ಅದರ ಜಾಗದಲ್ಲಿ ತಂಡದ ಹೆಸರು. ಯಾರೂ ದ್ವೇಷಕ್ಕೆ ಮಾಡಿದ್ದಲ್ಲ, ಏನೋ ಕ್ಲೀನಪ್ ಅಂತೆ. ಆದರೂ ಅವತ್ತು ಊಟ ಸೇರಲಿಲ್ಲ.

ಬರೆದದ್ದೂ ನಮ್ಮದಲ್ಲ, ಹೆಸರೂ ಇಲ್ಲ... ಇದೇ ಸಂಕಟವನ್ನು ನಮಗಿಂತ ತೊಂಬತ್ತು ವರ್ಷ ಮೊದಲೇ ಪಟ್ಟವರು ಹಾಲಿವುಡ್ಡಿನ ಚಿತ್ರಕಥೆಗಾರರು. ಅವರ ಮುಷ್ಕರಗಳ ಬಗ್ಗೆ ಪತ್ರಿಕೆಯಲ್ಲಿ ನೀವು ಓದಿರಬಹುದು. ನಾನೂ ಅಷ್ಟೇ ಓದಿದ್ದೆ, ದುಡ್ಡಿನ ಜಗಳ ಅಂದುಕೊಂಡಿದ್ದೆ. ಆಮೇಲೆ ಅದರ ಬುಡ ಹುಡುಕುತ್ತಾ ಹೋದರೆ ಅಲ್ಲೊಂದು ವಿಚಿತ್ರ ಇದೆ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಇಷ್ಟೆಲ್ಲ ಪೀಠಿಕೆ.

1909ರ ಅಮೆರಿಕದ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಪುಟ್ಟ ಸಾಲು ಸೇರಿಕೊಂಡಿತು. ಕೂಲಿಗೆ ಬರೆಸಿದ ಕೃತಿಯಾದರೆ 'ಕರ್ತೃ' ಅನ್ನುವ ಪದದಲ್ಲಿ ಬರೆಸಿದ ಮಾಲೀಕನೂ ಸೇರುತ್ತಾನೆ ಅಂತ. ಗಮನಿಸಿ, ಮಾಲೀಕ ಕೃತಿಯ ಒಡೆಯ ಆಗೋದಲ್ಲ, ಅವನೇ ಕೃತಿಕಾರ ಆಗಿಬಿಡ್ತಾನೆ! ನ್ಯೂಯಾರ್ಕಿನಲ್ಲಿ ನಾಟಕ ಬರೆಯುತ್ತಿದ್ದವನಿಗೆ ಈ ಕಾಟ ಇರಲಿಲ್ಲ. ಅವರ ಡ್ರಾಮಟಿಸ್ಟ್ಸ್ ಗಿಲ್ಡ್ 1926ರಲ್ಲಿ ನಿರ್ಮಾಪಕರ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ನಾಟಕದ ಹಕ್ಕು ನಾಟಕಕಾರನದೇ, ಅವನನ್ನು ಕೇಳದೆ ಮಾತು ಬದಲಾಯಿಸುವ ಹಾಗಿಲ್ಲ. ಅದೇ ಮನುಷ್ಯ ಒಳ್ಳೆ ಸಂಬಳದ ಆಸೆಗೆ ರೈಲು ಹತ್ತಿ ಲಾಸ್ ಏಂಜಲೀಸ್‌ನಲ್ಲಿ ಇಳಿದರೆ, ಸ್ಟುಡಿಯೋದ ಒಂದು ಕೋಣೆ, ಒಂದು ಟೈಪ್‌ರೈಟರ್, ವಾರಕ್ಕಿಷ್ಟು ಸಂಬಳ. ಅವನು ಬರೆದದ್ದನ್ನು ಅವನಿಗೆ ಹೇಳದೆ ಇನ್ನಿಬ್ಬರಿಗೆ ಕೊಟ್ಟು ತಿದ್ದಿಸುತ್ತಿದ್ದರು. ಪರದೆ ಮೇಲೆ ಯಾರ ಹೆಸರು ಬರಬೇಕು ಅನ್ನೋದು ನಿರ್ಮಾಪಕನ ಮರ್ಜಿ.

1933ರ ಫೆಬ್ರವರಿಯಲ್ಲಿ ಹತ್ತು ಮಂದಿ ಬರಹಗಾರರು ಹಾಲಿವುಡ್ಡಿನ ನಿಕರ್‌ಬಾಕರ್ ಹೋಟೆಲಿನಲ್ಲಿ ಸೇರಿ ಒಂದು ಸಂಘ ಕಟ್ಟುವ ಮಾತಾಡಿದರು. ಮುಂದಿನ ತಿಂಗಳೇ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಿಸಿದರು. ಸ್ಟುಡಿಯೋಗಳು ಕೈ ಎತ್ತಿದವು. ಎಂಟು ವಾರ ಅರ್ಧ ಸಂಬಳ ಬಿಟ್ಟುಕೊಡಿ ಅಂತ ಕೇಳಿದವು. ಎಂಜಿಎಂನ ಲೂಯಿಸ್ ಬಿ. ಮೇಯರ್ ಎಲ್ಲರನ್ನೂ ಕರೆಸಿ ಕಣ್ಣಲ್ಲಿ ನೀರು ತಂದುಕೊಂಡು ಬೇಡಿಕೊಂಡರು ಅನ್ನೋದು ಹಾಲಿವುಡ್ಡಿನಲ್ಲಿ ದಂತಕಥೆಯಷ್ಟು ಪ್ರಸಿದ್ಧ. ನಟರು, ಬರಹಗಾರರು ಕರಗಿ ಒಪ್ಪಿಕೊಂಡರು. ಒಪ್ಪದೇ ಇದ್ದವರು ಲೈಟು ಹಿಡಿಯುವವರು, ಸೆಟ್ಟು ಹಾಕುವವರು. ಅವರಿಗೆ ಗಟ್ಟಿ ಯೂನಿಯನ್ ಇತ್ತು. ಅವರ ಸಂಬಳಕ್ಕೆ ಕತ್ತರಿ ಬೀಳಲಿಲ್ಲ. ಷೇಕ್ಸ್‌ಪಿಯರ್ ಓದಿಕೊಂಡವರಿಗೆ ಗೊತ್ತಿಲ್ಲದ ಒಂದು ವಿದ್ಯೆ ಬಡಗಿಗೆ ಗೊತ್ತಿತ್ತು. ಏಪ್ರಿಲ್ 6, 1933ಕ್ಕೆ ಸ್ಕ್ರೀನ್ ರೈಟರ್ಸ್ ಗಿಲ್ಡ್ ಮತ್ತೆ ಎದ್ದು ನಿಂತಿತು. ಜಾನ್ ಹೊವಾರ್ಡ್ ಲಾಸನ್ ಅಧ್ಯಕ್ಷ.

ಎದ್ದು ನಿಂತಿದ್ದೇನೋ ಸರಿ, ಕಾಲೂರಲು ಒಂಬತ್ತು ವರ್ಷ ಬೇಕಾಯಿತು. 1936ರಲ್ಲಿ ಸ್ಟುಡಿಯೋಗಳ ಬೆಂಬಲದಿಂದಲೇ ಸ್ಕ್ರೀನ್ ಪ್ಲೇರೈಟ್ಸ್ ಅನ್ನುವ ಎದುರು ಸಂಘ ಹುಟ್ಟಿತು. ಒಳ್ಳೆ ಸಂಬಳದ ದೊಡ್ಡ ಬರಹಗಾರರು ಅಲ್ಲಿ ಸೇರಿದರು. ಗಿಲ್ಡ್ ಹೆಚ್ಚು ಕಡಿಮೆ ಸತ್ತೇಹೋಯಿತು. 1937ರಲ್ಲಿ ಸುಪ್ರೀಂ ಕೋರ್ಟು ಕಾರ್ಮಿಕರ ಸಂಘಟನೆಯ ಹಕ್ಕಿನ ವ್ಯಾಗ್ನರ್ ಕಾಯ್ದೆಯನ್ನು ಎತ್ತಿಹಿಡಿದ ಮೇಲೆ ಮತ್ತೆ ಜೀವ ಬಂತು.

ನಾನು ಹೇಳಿದ ವಿಚಿತ್ರ ಇರೋದು ಇಲ್ಲಿ. ಕಾರ್ಮಿಕ ಮಂಡಳಿಯ ಮುಂದೆ ಸ್ಟುಡಿಯೋಗಳ ವಾದ ಏನು ಗೊತ್ತಾ? ಬರಹಗಾರರು ನೌಕರರೇ ಅಲ್ಲ, ಅವರಿಗೆ ಈ ಕಾಯ್ದೆ ಅನ್ವಯಿಸೋದಿಲ್ಲ! ಹಕ್ಕು ಕೇಳಿದರೆ 'ನೀನು ಕೂಲಿಯವನು, ಬರೆದದ್ದು ನಮ್ಮದು.' ಯೂನಿಯನ್ ಕೇಳಿದರೆ 'ಛೆ ಛೆ, ನೀನು ಸೃಜನಶೀಲ, ಕೂಲಿಯವನು ಹೇಗಾಗ್ತೀಯ?' 1938ರಲ್ಲಿ ಮಂಡಳಿ ಈ ವಾದ ತಳ್ಳಿಹಾಕಿ, ಬರಹಗಾರರು ನೌಕರರೇ ಅಂತ ತೀರ್ಪು ಕೊಟ್ಟಿತು. ಚುನಾವಣೆಯಲ್ಲಿ ಗಿಲ್ಡ್ ಭಾರಿ ಬಹುಮತದಿಂದ ಗೆದ್ದಿತು. 1942ಕ್ಕೆ ಮೊದಲ ಕರಾರು ಬಂತು.

ಇದರ ಇನ್ನೊಂದು ಮುಖವೂ ಇದೆ. ಹಕ್ಕು ಉಳಿಸಿಕೊಂಡ ನಾಟಕಕಾರ ಯಾರ ನೌಕರನೂ ಅಲ್ಲವಲ್ಲ? ಹಾಗಾಗಿ ಅವನ ಗಿಲ್ಡ್ ಕಾನೂನಿನ ಪ್ರಕಾರ ಯೂನಿಯನ್ ಅಲ್ಲ. ಒಟ್ಟಾಗಿ ಒಂದು ದರ ನಿಗದಿ ಮಾಡಿದರೆ ಅದು ಅಂಗಡಿಯವರೆಲ್ಲ ಸೇರಿ ಬೆಲೆ ಏರಿಸಿದ ಹಾಗೆ, ಏಕಸ್ವಾಮ್ಯ ವಿರೋಧಿ ಕಾಯ್ದೆಯ ಕೈಗೆ ಸಿಕ್ಕಿಬೀಳಬಹುದು ಅನ್ನುವ ಅರ್ಥದ ಮಾತು 1945ರಲ್ಲಿ ಒಂದು ಕೇಸಿನಲ್ಲಿ ಕೋರ್ಟಿನಿಂದ ಬಂತು. ಅಂದರೆ ಕಾಪಿರೈಟ್ ಇಟ್ಟುಕೊಂಡವನಿಗೆ ಯೂನಿಯನ್ ಇಲ್ಲ. ಯೂನಿಯನ್ ಬೇಕಿದ್ದರೆ ಕಾಪಿರೈಟ್ ಬಿಡಬೇಕು. ಹಾಲಿವುಡ್ಡಿನವರು ಮೊದಲನೆಯದನ್ನು ಕಳಕೊಂಡೇ ಎರಡನೆಯದನ್ನು ಪಡೆದರು. ಆಮೇಲಿನ ಅವರ ಎಲ್ಲ ಹೋರಾಟವೂ, ನನಗೆ ಕಂಡಂತೆ, ಕಳಕೊಂಡದ್ದನ್ನು ತುಂಡು ತುಂಡಾಗಿ ವಾಪಸ್ ತರುವ ಕೆಲಸ.

ಮೊದಲ ತುಂಡು ಹೆಸರು. ಪರದೆ ಮೇಲೆ ಬರಹಗಾರರಾಗಿ ಯಾರ ಹೆಸರು ಬರಬೇಕು ಅನ್ನೋದನ್ನು ತೀರ್ಮಾನಿಸುವ ಅಧಿಕಾರ ಗಿಲ್ಡಿಗೆ ಬಂತು. ಆ ವ್ಯವಸ್ಥೆ ಓದಿ ನಾನು ಬೆರಗಾದೆ. ಜಗಳ ಬಂದರೆ ಮೂವರು ಸಹ ಬರಹಗಾರರು ಕೂತು ಎಲ್ಲ ಕರಡುಗಳನ್ನೂ ಓದುತ್ತಾರೆ. ಆ ಮೂವರು ಯಾರು ಅಂತ ಬರೆದವರಿಗೆ ಗೊತ್ತಿರೋದಿಲ್ಲ. ಮೂಲ ಚಿತ್ರಕಥೆಯಾದರೆ ಆಮೇಲೆ ಬಂದು ತಿದ್ದಿದವನು ಹೆಸರು ಗಿಟ್ಟಿಸಲು ಅರ್ಧದಷ್ಟಾದರೂ ಹೊಸದಾಗಿ ಬರೆದಿರಬೇಕು, ಕಾದಂಬರಿಯಿಂದ ಮಾಡಿದ್ದಾದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇಂಗ್ಲಿಷ್ ಸಿನಿಮಾ ನೋಡುವಾಗ ಗಮನಿಸಿ, ಎರಡು ಹೆಸರಿನ ನಡುವೆ ಆಂಪರ್ಸಂಡ್ ಚಿಹ್ನೆ ಇದ್ದರೆ ಇಬ್ಬರೂ ಜೊತೆಗೆ ಕೂತು ಬರೆದವರು. 'ಆ್ಯಂಡ್' ಅಂತ ಅಕ್ಷರದಲ್ಲಿ ಇದ್ದರೆ ಒಬ್ಬರಾದ ಮೇಲೆ ಒಬ್ಬರು ಬರೆದವರು, ಮುಖ ನೋಡಿರದೇ ಇರಬಹುದು! ನಮ್ಮ ಕೋಡಿನ ಇತಿಹಾಸದಲ್ಲಿ ಯಾವ ಸಾಲು ಯಾರದು ಅಂತ ಗಿಟ್ ತೋರಿಸುತ್ತದಲ್ಲ, ಅದನ್ನು ಇವರು ಮನುಷ್ಯರ ಕೈಲೇ ಮಾಡಿಸುತ್ತಿದ್ದರು.

ಆದರೆ ಹೆಸರು ಕೊಡುವ ಕೈ ಹೆಸರು ಕಿತ್ತುಕೊಳ್ಳಲೂ ನೆರವಾಯಿತು. ಗಿಲ್ಡನ್ನು ಹೊಗಳುವವರು ಇದನ್ನು ಬೇಗ ದಾಟಿಬಿಡ್ತಾರೆ, ನಾನು ದಾಟಲಾರೆ. 1947ರಲ್ಲಿ ಕಮ್ಯುನಿಸ್ಟರ ಬೇಟೆ ಶುರುವಾದಾಗ ಸಂಸತ್ತಿನ ಸಮಿತಿಗೆ ಉತ್ತರ ಕೊಡಲು ಒಪ್ಪದೆ ಜೈಲಿಗೆ ಹೋದ ಹತ್ತು ಮಂದಿಯಲ್ಲಿ ಹೆಚ್ಚಿನವರು ಬರಹಗಾರರೇ. ಮೊದಲ ಅಧ್ಯಕ್ಷ ಲಾಸನ್ ಕೂಡ ಅವರಲ್ಲೊಬ್ಬರು. 1950ರ ದಶಕದ ಮೊದಲ ಭಾಗದಲ್ಲಿ ಗಿಲ್ಡ್ ತಾನೇ ಒಂದು ಷರತ್ತಿಗೆ ಒಪ್ಪಿತು: ಸಮಿತಿಯ ಮುಂದೆ ತಮ್ಮನ್ನು 'ಶುದ್ಧ' ಮಾಡಿಕೊಳ್ಳದವರ ಹೆಸರನ್ನು ಸ್ಟುಡಿಯೋ ಪರದೆಯಿಂದ ಬಿಡಬಹುದು. ಡಾಲ್ಟನ್ ಟ್ರಂಬೋ 'ರೋಮನ್ ಹಾಲಿಡೇ' (1953) ಚಿತ್ರದ ಕಥೆ ಬರೆದರು, ಆಸ್ಕರ್ ಹೋಗಿದ್ದು ತನ್ನ ಹೆಸರನ್ನು ಎರವಲು ಕೊಟ್ಟ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್‌ಗೆ. ಇನ್ನೂ ತಮಾಷೆ ನಮ್ಮ ಪಕ್ಕದ ಸಿಲೋನಿನಲ್ಲಿ ಚಿತ್ರೀಕರಿಸಿದ 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' (1957) ಸಿನಿಮಾದ್ದು. ಚಿತ್ರಕಥೆ ಬರೆದವರು ಕಪ್ಪುಪಟ್ಟಿಯಲ್ಲಿದ್ದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್. ಆಸ್ಕರ್ ಮೂಲ ಕಾದಂಬರಿಯ ಪಿಯರ್ ಬೂಲ್‌ಗೆ ಸಿಕ್ಕಿತು. ಆತ ಫ್ರೆಂಚ್ ಲೇಖಕ, ಇಂಗ್ಲಿಷಿನಲ್ಲಿ ಬರೆಯುವವನೇ ಅಲ್ಲ!

'ರೋಮನ್ ಹಾಲಿಡೇ'ಗೆ ಗಿಲ್ಡ್ ಟ್ರಂಬೋ ಹೆಸರನ್ನು ವಾಪಸ್ ಸೇರಿಸಿದ್ದು 2011ರಲ್ಲಿ. ಅವರು ತೀರಿಕೊಂಡದ್ದು 1976ರಲ್ಲಿ.

ಎರಡನೇ ತುಂಡು ದುಡ್ಡು. ಟಿವಿ ಬಂದ ಮೇಲೆ ಹಳೇ ಸಿನಿಮಾಗಳು ರಾತ್ರಿ ರಾತ್ರಿ ಮನೆಗೆ ಬರತೊಡಗಿದವು. ಸ್ಟುಡಿಯೋಗೆ ಹಣ, ಬರೆದವನಿಗೆ ಸೊನ್ನೆ. 1954ರಲ್ಲಿ ಸಿನಿಮಾ, ರೇಡಿಯೋ, ಟಿವಿ ಬರಹಗಾರರ ಸಂಘಗಳು ಸೇರಿ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ಆಯಿತು. ಮಿಸಿಸಿಪಿ ನದಿಯ ಆಚೆ ಒಂದು ಗಿಲ್ಡ್, ಈಚೆ ಒಂದು. 1960ರ ಜನವರಿಯಿಂದ ಜೂನ್‌ವರೆಗೆ ಸುಮಾರು ಐದು ತಿಂಗಳು ಪೆನ್ನು ಕೆಳಗಿಟ್ಟರು. ನಡುವೆ ನಟರೂ ಮುಷ್ಕರಕ್ಕೆ ಇಳಿದರು. ನಟರ ಸಂಘದ ನಾಯಕ ಯಾರು ಅಂದುಕೊಂಡಿರಿ? ರೊನಾಲ್ಡ್ ರೇಗನ್! ಕೊನೆಗೆ 1960ರ ನಂತರದ ಸಿನಿಮಾ ಟಿವಿಗೆ ಹೋದರೆ ಪಾಲು, ಜೊತೆಗೆ ಪಿಂಚಣಿ ಮತ್ತು ಆರೋಗ್ಯ ನಿಧಿ ಸಿಕ್ಕಿತು. ಈ ಪಾಲಿಗೆ ಅಲ್ಲಿ 'ರೆಸಿಡ್ಯುಯಲ್' ಅಂತಾರೆ. ಅದಕ್ಕೆ ಮೊದಲಿನ ಸಿನಿಮಾಗಳ ಪಾಲನ್ನು ಬಿಟ್ಟುಕೊಟ್ಟರು. ಮೂವತ್ತು ನಲವತ್ತರ ದಶಕಗಳಲ್ಲಿ ಬೆರಳು ಸವೆಸಿದವರು ತಮ್ಮದೇ ಮಾತುಗಳನ್ನು ಟಿವಿಯಲ್ಲಿ ಬಿಟ್ಟಿ ಕೇಳಿಕೊಂಡು ಮುದುಕರಾದರು.

ಆಮೇಲಿನದು ಹೊಸ ಯಂತ್ರ ಬಂದಾಗಲೆಲ್ಲ ಅದೇ ಜಗಳ. ವಿಡಿಯೋ ಕ್ಯಾಸೆಟ್ ಬಂದಾಗ ಒಪ್ಪಿಕೊಂಡ ಸೂತ್ರದಲ್ಲಿ ಸೋತರು. ಅದೇ ಸೂತ್ರ ಮುಂದೆ ಡಿವಿಡಿಗೂ ಬಂದು, ಒಂದು ಡಿವಿಡಿ ಮಾರಿದರೆ ಬರಹಗಾರನಿಗೆ ಸುಮಾರು 4 ಸೆಂಟ್ ಅನ್ನುವ ಲೆಕ್ಕ ಉಳಿಯಿತು. 1988ರಲ್ಲಿ ಮತ್ತೆ ಐದು ತಿಂಗಳ ಮುಷ್ಕರ. 2007ರ ನವೆಂಬರ್ 5ರಿಂದ 100 ದಿನದ ಮುಷ್ಕರದಲ್ಲಿ ಡಿವಿಡಿಯ ಬೇಡಿಕೆ ಕೈಬಿಟ್ಟು ಇಂಟರ್‌ನೆಟ್ಟಿನ ಮೇಲೆ ಕಾಲಿಟ್ಟರು. ಡಿವಿಡಿ ಅಂಗಡಿಗಳೆಲ್ಲ ಎಲ್ಲಿ ಹೋದವು ಅಂತ ಈಗ ನೋಡಿದರೆ ಯಾರಿಗೆ ಬುದ್ಧಿ ಇತ್ತು ಅಂತ ಗೊತ್ತಾಗುತ್ತೆ :)

2023ರ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ 148 ದಿನ, 11,500 ಬರಹಗಾರರು ಮಾಡಿದ ಮುಷ್ಕರದಲ್ಲಿ ಸ್ಟ್ರೀಮಿಂಗ್ ದುಡ್ಡಿನ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ಎಐ ಬರೆದರೆ? ಗೆದ್ದ ಕರಾರಿನ ಭಾಷೆ ನೋಡಿ, ಎಷ್ಟು ಹಳೇ ವಾಸನೆ. ಎಐ ಬರಹಗಾರ ಅಲ್ಲ. ಅದು ಉಗುಳಿದ್ದನ್ನು ಮೂಲ ಕೃತಿ ಅಂತ ಲೆಕ್ಕ ಹಾಕಿ ಬರಹಗಾರನ ಹೆಸರು, ಹಣ ಕಡಿಮೆ ಮಾಡುವ ಹಾಗಿಲ್ಲ. ಬರಹಗಾರನ ಕೈಗೆ ಎಐ ಕರಡು ಕೊಟ್ಟರೆ ಹಾಗಂತ ತಿಳಿಸಲೇಬೇಕು. ಎಐ ಬಳಸು ಅಂತ ಬಲವಂತ ಮಾಡುವ ಹಾಗಿಲ್ಲ. 1909ರಲ್ಲಿ 'ಕರ್ತೃ' ಪದದೊಳಗೆ ಮಾಲೀಕ ನುಸುಳಿದ್ದನ್ನು ಕಂಡವರ ಮೊಮ್ಮಕ್ಕಳು ಯಂತ್ರಕ್ಕೆ ಬಾಗಿಲು ಹಾಕಿದರು.

ನಮ್ಮಲ್ಲಿ? ಮುಂಬೈಯ ಚಿತ್ರ ಬರಹಗಾರರ ಸಂಘ ಟ್ರೇಡ್ ಯೂನಿಯನ್ ಆಗಿ ನೋಂದಾಯಿಸಿಕೊಂಡದ್ದೂ 1960ರಲ್ಲೇ. ಆದರೂ 1973ರಲ್ಲಿ 'ಜಂಜೀರ್' ಪೋಸ್ಟರುಗಳ ಮೇಲೆ ಹೆಸರು ಬರೆಸಲು ಸಲೀಂ-ಜಾವೇದ್ ತಾವೇ ಪೇಂಟರ್ ಹಿಡಿಯಬೇಕಾಯಿತು. ಮುಂದೆ ಅದೇ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ ಹೋರಾಡಿ ತಂದ 2012ರ ತಿದ್ದುಪಡಿಯ ಪ್ರಕಾರ, ಹಾಡು ಬರೆದವರು ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ನಡೆಯೋದಿಲ್ಲ. ಕನ್ನಡದ ಚಿತ್ರಸಾಹಿತಿಗಳಿಗೂ ಇದೇ ಕಾಯ್ದೆ. ಹಾಲಿವುಡ್ಡಿನವರು ಬೀದಿಗಿಳಿದು ತಂದದ್ದನ್ನು ಇಲ್ಲಿ ಕಾನೂನಿನಿಂದ ತಂದರು. ವಸೂಲಿ ಬೇರೆ ಕಥೆ.

ಇನ್ನೊಂದು ತಮಾಷೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ 'ಸಾಹಿತ್ಯ ಕೃತಿ' ಅನ್ನುವುದರ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸೇರಿದೆ. ಅಂದರೆ ಕಾನೂನಿನ ಕಣ್ಣಲ್ಲಿ ನಾನೂ ಸಾಹಿತಿಯೇ ಸ್ವಾಮಿ! ಕೃತಿ ಕಂಪನಿಯದಾದರೂ ಇಲ್ಲಿ ಕರ್ತೃ ಬರೆದವನೇ. ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಅಂತ ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ನಿನಲ್ಲಿದೆ. ಇನ್ನು ಯೂನಿಯನ್ ಅಂದರೆ, 2017ರಲ್ಲಿ ಬೆಂಗಳೂರಿನಲ್ಲಿ ಐಟಿ ನೌಕರರ ಸಂಘವೊಂದು ಹುಟ್ಟಿದಾಗ ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕಿದ್ದರು. 'ನಾವೇನು ಲೇಬರ್ರಾ?' ಅಂತ. ನಾನೂ ನಕ್ಕವನೇ. ಸಾಫ್ಟ್‌ವೇರ್ ಇಂಜಿನಿಯರ್ ಕಾನೂನಿನ ಪ್ರಕಾರ 'ವರ್ಕ್‌ಮನ್' ಹೌದೋ ಅಲ್ಲವೋ ಅನ್ನುವ ವಾದ ನಮ್ಮ ಲೇಬರ್ ಕೋರ್ಟುಗಳಲ್ಲೂ ನಡೆದಿದೆ. 1938ರ ಸ್ಟುಡಿಯೋ ವಕೀಲರು ಹೇಳಿದ್ದನ್ನೇ ನಾವು ಟೀ ಕುಡಿಯುತ್ತಾ ಪುಕ್ಕಟೆ ಹೇಳುತ್ತಿದ್ದೆವು.

ನಿನ್ನೆ ಆಫೀಸಿನಲ್ಲಿ ಆ ಹಳೇ ಫೈಲು ಮತ್ತೆ ತೆರೆದೆ. ಎಐ ಸಹಾಯದಿಂದ ಯಾರೋ ಅರ್ಧಕ್ಕರ್ಧ ಹೊಸದಾಗಿ ಬರೆದಿದ್ದಾರೆ. ಗಿಲ್ಡಿನ ಲೆಕ್ಕದಲ್ಲಿ ನನಗೆ ಹೆಸರು ಸಿಗುತ್ತಿತ್ತೋ ಇಲ್ಲವೋ ಅಂತ ಕೂತು ಸಾಲು ಎಣಿಸಿದೆ. ನಡುವೆ ಎಲ್ಲೋ ನಾನು ರಾತ್ರಿ ಎರಡು ಗಂಟೆಗೆ ಬರೆದಿದ್ದ ಒಂದು ಕಾಮೆಂಟ್, ಸ್ಪೆಲಿಂಗ್ ತಪ್ಪಿನ ಸಮೇತ, ಹಾಗೇ ಉಳಿದಿತ್ತು.